ಹತ್ತನೆಯ ಕೈ

ಶೇವಂತಾಬಾಯಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಪಂಚಾಯತಿಯ ಸಭೆಯಲ್ಲಿ ಅವಳ ಪಕ್ಕದ ಖುರ್ಚಿ ನನ್ನದು. ಸಭೆ ಅರ್ಧಕ್ಕೆ ಬರುವಷ್ಟರಲ್ಲಿ ಅವಳು ನೀರು ಕುಡಿಯಲು ಎದ್ದಿರುತ್ತಾಳೆ, ಕಿಟಕಿ ತೆಗೆದಿರುತ್ತಾಳೆ, ತೆಗೆದದ್ದನ್ನು ಮತ್ತೆ ಮುಚ್ಚಿರುತ್ತಾಳೆ, ಯಾರದೋ ಚಹಾದ ಕಪ್ಪು ಎತ್ತಿ ಹೊರಗಿಟ್ಟು ಬಂದಿರುತ್ತಾಳೆ. "ನಿನ್ನ ಖುರ್ಚ್ಯಾಗ ಮುಳ್ಳ ಅದಾವೇನ ಬೇ?" ಎಂದು ನಾನೇ ಎಷ್ಟೋ ಸಲ ಗದರಿದ್ದೇನೆ. "ಕುಂತು ಉಂಡ ಮಂದಿಗಿ ಕೂಡ್ರಾಕ ಬರತೈತಿ ವೈನಿ, ನನಗೆಲ್ಲಿ ಬರತೈತಿ?" ಎನ್ನುತ್ತಾಳೆ. ಆ ಮಾತು ನನಗೆ ಚುಚ್ಚಲೆಂದೇ ಹೇಳಿದ್ದು, ಮತ್ತು ಚುಚ್ಚುತ್ತದೆ.

ನಾನು ತ್ರಿಶಲಾ. ತವರು ಶೇಡಬಾಳ. ಕೊಟ್ಟದ್ದು ಕೃಷ್ಣೆಯ ದಂಡೆಯ ಈ ಊರಿಗೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಗಾಗುವುದರೊಳಗೆ ನಾಲ್ಕು ಮಂದಿ ನಮ್ಮ ಅಂಗಳದಲ್ಲಿ ಕೂತು ಮೀಸೆ ತಿರುವುತ್ತಾರೆ. ನಾನೂ ಪಂಚಾಯತಿ ಸದಸ್ಯೆ. ಅಂದರೆ ಸದಸ್ಯೆ ನಾನು, ಸದಸ್ಯತನ ಮಾಡುವವರು ನಮ್ಮ ಮನೆಯವರು ಅಭಿನಂದನ. ನಮ್ಮ ಕಡೆ ಹೆಂಗಸು ಆರಿಸಿ ಬಂದರೆ ಹಾರ ಗಂಡನ ಕೊರಳಿಗೆ ಬೀಳುತ್ತದೆ, ಪೇಪರಿನಲ್ಲಿ ಫೋಟೋ ಅವನದೇ ಬರುತ್ತದೆ. ಹದಿನೈದು ಸದಸ್ಯರಲ್ಲಿ ಏಳು ಹೆಂಗಸರಿದ್ದೇವೆ, ಗಂಡನನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬರುವವರು ಇಬ್ಬರೇ: ಶೇವಂತಾ ಮತ್ತು ಅಧ್ಯಕ್ಷೆ ಉಜ್ವಲಾ. ಅವರಿಬ್ಬರೂ ಒಂದೇ ಓಣಿಯವರು, ಬೌದ್ಧರ ಓಣಿಯವರು. ಈ ಕತೆ ಅವರಿಬ್ಬರ ನಡುವಿನದು.

ಶೇವಂತಾ ಹುಟ್ಟಿದ್ದು ನಿಪ್ಪಾಣಿ ಹತ್ತಿರದ ಅಕ್ಕೋಳದಲ್ಲಿ. ಕುಪ್ಪಸ ತೊಡುವ ವಯಸ್ಸಿಗೆ ತಂಬಾಕಿನ ವಖಾರಿ ಸೇರಿದಳು. ಎಲೆಯ ನಡುವಿನ ದಂಟು ಸೀಳಿ ತೆಗೆಯುವ ಕೆಲಸ. ಸಂಜೆಗೆ ತಲೆ ಗಿಮ್ಮೆನ್ನುತ್ತಿತ್ತಂತೆ, ಬೆರಳು ಮೂಸಿದರೆ ವಾಂತಿ ಬರುತ್ತಿತ್ತಂತೆ. ಈಗಲೂ ಸುಮ್ಮನೆ ಕೂರಿಸಿದರೆ ಅವಳ ಬೆರಳುಗಳು ಸೆರಗಿನ ಅಂಚನ್ನು ಹಿಡಿದು ಸೀಳುವ ಹಾಗೆ ಎಳೆಯುತ್ತಿರುತ್ತವೆ. ಮದುವೆಯಾದ ಮೇಲೆ ಗಂಡ ಜ್ಞಾನದೇವನ ಜೊತೆ ಕಬ್ಬು ಕಡಿಯುವ ಗ್ಯಾಂಗು ಸೇರಿ ರಾಯಬಾಗದ ಕಡೆ, ಅಥಣಿಯ ಕಡೆ ತಿರುಗಿದಳು. ಆಮೇಲೆ ಜ್ಞಾನದೇವನಿಗೆ ಹೈಸ್ಕೂಲಿನಲ್ಲಿ ಪ್ಯೂನ್ ಕೆಲಸ ಸಿಕ್ಕಿ ಬದುಕು ಒಂದು ನೆಲೆಗೆ ಬಂತು. ಮಗಳು ಮಯೂರಿ ನರ್ಸಿಂಗ್ ಕಲಿತು ಕೊಲ್ಹಾಪುರದಲ್ಲಿದ್ದಾಳೆ.

ಅಧ್ಯಕ್ಷರ ಖುರ್ಚಿ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲು ಎಂದು ಬಂದಾಗ ಹದಿನೈದು ಮಂದಿಯಲ್ಲಿ ಆ ಲೆಕ್ಕಕ್ಕೆ ಬರುವವರು ಇವರಿಬ್ಬರೇ ಇದ್ದರು. ವಯಸ್ಸಿಗೆ ನೋಡಿದರೆ ಶೇವಂತಾಳೇ ಆಗಬೇಕಿತ್ತು. ಅವಳು ಒಲ್ಲೆ ಎಂದಳು. "ಓದಿದ ಪೋರಿ ಐತಿ, ಅಕಿ ಕೂಡ್ರಲಿ. ನನಗ ಹೆಂಗೂ ಕೂಡ್ರಾಕ ಬರೂದಿಲ್ಲ" ಎಂದು ತಾನೇ ಸೂಚಕಳಾಗಿ ಸಹಿ ಹಾಕಿದಳು. ಉಜ್ವಲಾ ಬಿ.ಕಾಂ. ಮುಗಿಸಿದ ಸೊಸೆ, ಚುರುಕು, ಮಾತು ನೆಟ್ಟಗೆ. ಮೊದಲ ದಿನ ಅವಳು ಕೂರುವ ಮುಂಚೆ ಶೇವಂತಾ ತನ್ನ ಸೆರಗಿನಿಂದ ಆ ಖುರ್ಚಿಯನ್ನು ಒರೆಸಿದಳು. ಅವರ ಓಣಿಯವರು ಆ ಖುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ, ನನಗೂ ಬಂತು ಎಂದು ಹೇಳಲು ನಾಚಿಕೆಯೇನಿಲ್ಲ.

ಎಲ್ಲ ಕೆಟ್ಟದ್ದು ಒಂದು ರಿಬನ್ನಿನಿಂದ.

ದೀಪಾವಳಿ ಮುಗಿದು ಕಬ್ಬಿನ ಹಂಗಾಮು ಶುರುವಾಗಿತ್ತು. ಗಡಿಯಾಚೆಯ ಬೀಡ ಕಡೆಯ ಗ್ಯಾಂಗೊಂದು ಊರ ಹೊರಗಿನ ಬಯಲಲ್ಲಿ ಕೊಪ್ಪಿ ಹಾಕಿತ್ತು. ಕೊಪ್ಪಿ ಅಂದರೆ ಬಿದಿರಿನ ಕಮಾನು, ಅದರ ಮೇಲೊಂದು ತಾಡಪತ್ರಿ, ಅಷ್ಟೇ ಮನೆ. ಅಂಥ ದಿನಗಳಲ್ಲಿ ಬರಬಾರದ ಮಳೆ ಬಂತು. ಮಧ್ಯಾಹ್ನ ಹಿಡಿದದ್ದು ಬಿಡಲೇ ಇಲ್ಲ. ಬಯಲಲ್ಲಿ ಮೊಣಕಾಲವರೆಗೆ ನೀರು ನಿಂತಿತು, ತಾಡಪತ್ರಿಗಳು ಹಾರಿಹೋದವು. ಗ್ಯಾಂಗಿನಲ್ಲಿ ಮನಿಷಾ ಎಂಬ ಹುಡುಗಿ ತುಂಬು ಬಸುರಿ. ನೋವು ಶುರುವಾಗಿತ್ತು. ಆಂಬುಲೆನ್ಸಿಗೆ ಫೋನು ಮಾಡಿದರು. ಹಳ್ಳದ ಸೇತುವೆಯ ಮೇಲೆ ನೀರು ಬಂದು ಅದು ಆಚೆ ದಂಡೆಯಲ್ಲೇ ನಿಂತುಕೊಂಡಿತು. ಗ್ಯಾಂಗಿನ ಹೆಂಗಸರು ತೋಯಿಸಿಕೊಂಡು ಪಂಚಾಯತಿಗೆ ಓಡಿ ಬಂದರು. ಪಕ್ಕದಲ್ಲೇ ಹೊಸ ಸಮುದಾಯ ಭವನ. ಬಣ್ಣ ಬಳಿದು, ಟೈಲ್ಸ್ ಹಾಕಿ, ಬಾಗಿಲಿಗೆ ಅಡ್ಡವಾಗಿ ಕೆಂಪು ರಿಬನ್ ಕಟ್ಟಿತ್ತು. ಬೀಗದ ಕೈ ಅಧ್ಯಕ್ಷರ ಹತ್ತಿರ.

ಉಜ್ವಲಾ ಕೊಡಲಿಲ್ಲ. "ಶನಿವಾರ ಸಾಹೇಬ್ರು ಉದ್ಘಾಟನಾಕ್ಕ ಬರಾವ್ರ ಅದಾರ. ಅವರು ರಿಬನ್ ಕತ್ತರಿಸೂತನಾ ಒಂದ ನಾಯಿನೂ ಒಳಗ ಬಿಡಬ್ಯಾಡ್ರಿ ಅಂತ ಫೋನ್ ಬಂದೈತಿ. ಕೆಸರಗಾಲ ತಗೊಂಡ ಬಂದ್ರ ನಾ ಏನ ಉತ್ತರಾ ಕೊಡ್ಲಿ?" ಎಂದಳು. ಸಾಹೇಬರೆಂದರೆ ಹಣ ಮಂಜೂರು ಮಾಡಿಸಿದ ದೊಡ್ಡವರು. ಗ್ಯಾಂಗಿನ ಮುದುಕಿಯೊಬ್ಬಳು ಅಲ್ಲೇ ಮೂಲೆಯಲ್ಲಿ ನಿಂತಿದ್ದ ಶೇವಂತಾಳ ಕೈ ಹಿಡಿದು, "ತುಮ್ಹೀ ತರೀ ಸಾಂಗಾ ನಾ, ಬಾಯಿ" ಅಂದಳಂತೆ, ನೀವಾದರೂ ಹೇಳಿ ಎಂದು. ಶೇವಂತಾ ಹೇಳಲಿಲ್ಲ. ಉಪಾಧ್ಯಕ್ಷ ಕಾಕಾಸಾಹೇಬರ ನಾಲ್ಕು ಜನ ವರಾಂಡದಲ್ಲಿ ನಿಂತು ನೋಡುತ್ತಿದ್ದರು. ಬೌದ್ಧರ ಓಣಿಯ ಇಬ್ಬರು ಹೆಂಗಸರು ಮಂದಿಯ ಮುಂದೆ ಜಗಳಾಡುವುದನ್ನು ಕಾಯುತ್ತಿದ್ದವರು ಅವರು. ಅವರಿಗೆ ಆ ಸುಖ ಕೊಡಬಾರದು ಎಂದು ಶೇವಂತಾ ನೆಲ ನೋಡುತ್ತ ನಿಂತಳು.

ಮನಿಷಾ ಎತ್ತಿನ ಗಾಡಿಯ ಕೆಳಗೆ ಹೆತ್ತಳು. ನಾಲ್ಕು ಹೆಂಗಸರು ಸೀರೆ ಹಿಡಿದು ನಿಂತರು, ಆದರೆ ಮಳೆಗೆ ಸೀರೆ ಯಾವ ಗೋಡೆ? ಮಗು ಎರಡು ದಿನ ಉಸಿರಾಡಿ ಹೋಯಿತು. ಮಳೆಯಿಂದಲೇ ಹೋಯಿತು ಎಂದು ಯಾವ ಡಾಕ್ಟರೂ ಹೇಳಿಲ್ಲ, ಅಲ್ಲ ಎಂದೂ ಹೇಳಿಲ್ಲ. ಶನಿವಾರ ಸಾಹೇಬರು ಬರಲಿಲ್ಲ. ಅವರಿಗೆ ಬೇರೆ ಕಡೆ ಮದುವೆ ಇತ್ತಂತೆ. ರಿಬನ್ನು ಬಿಸಿಲಿಗೆ ಬಣ್ಣ ಹೋಗುವತನಕ ಬಾಗಿಲಲ್ಲೇ ಇತ್ತು.

ಇದೆಲ್ಲ ನಡೆದಾಗ ನಾನು ಶೇಡಬಾಳದಲ್ಲಿ ತಮ್ಮನ ಮಗಳ ನಿಶ್ಚಯಕ್ಕೆ ಹೋಗಿದ್ದೆ. ವಾಪಸು ಬಂದಾಗ ಊರಲ್ಲಿ ಯಾರ ಬಾಯಲ್ಲೂ ಈ ಸುದ್ದಿ ಇರಲಿಲ್ಲ. ಅವರು ನಮ್ಮ ಮತದಾರರಲ್ಲ, ನಮ್ಮ ಜಿಲ್ಲೆಯವರಲ್ಲ, ನಮ್ಮ ರಾಜ್ಯದವರೂ ಅಲ್ಲ. ನನಗೆ ಹೇಳಿದವಳು ಶೇವಂತಾ. ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದಳು ಎಂದು ಬರೆಯಬೇಕು, ಆದರೆ ಅವಳು ಕೂರಲಿಲ್ಲ. ತುಳಸಿ ಕಟ್ಟೆಯಿಂದ ಬಾಗಿಲಿಗೆ, ಬಾಗಿಲಿಂದ ತುಳಸಿ ಕಟ್ಟೆಗೆ ಓಡಾಡುತ್ತ ಹೇಳಿದಳು. ಮನಿಷಾಳಿಗೆ ಬಾಣಂತಿ ಖಾರ, ತುಪ್ಪ ಒಯ್ದಿದ್ದಳಂತೆ. ಆ ಹುಡುಗಿ ಕೈ ಚಾಚಲೂ ಇಲ್ಲ, ತಿರಸ್ಕರಿಸಲೂ ಇಲ್ಲ, ಸುಮ್ಮನೆ ಕೂತಿದ್ದಳಂತೆ. ಆಮೇಲೆ ಗ್ಯಾಂಗು ಎದ್ದು ಇನ್ನೊಂದು ಊರಿಗೆ ಹೋಯಿತು.

ಅವತ್ತಿನಿಂದ ಶೇವಂತಾ ಉಜ್ವಲಾಳ ಮನೆಯ ಮೆಟ್ಟಿಲು ಹತ್ತಲಿಲ್ಲ. ಉಜ್ವಲಾಗೆ ಕಾರಣ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೂ ಆ ಮಾತು ತೆಗೆಯುವ ಧೈರ್ಯ ಇಬ್ಬರಿಗೂ ಇರಲಿಲ್ಲ ಎಂದು ನನ್ನ ಅಂದಾಜು.

ಇಷ್ಟರಲ್ಲಿ ಕಾಕಾಸಾಹೇಬರು ಮೇಲೆದ್ದರು. ಅವರ ಓಣಿಯಲ್ಲಿ ಒಂದು ಗಟಾರ ಆಗಬೇಕಿತ್ತು. ಕಾಗದದ ಮೇಲೆ ಅದು ಕಟ್ಟಿ ಮುಗಿದಿತ್ತು, ಓಣಿಯಲ್ಲಿ ಮಾತ್ರ ಇರಲಿಲ್ಲ. ಕೆಲಸ ಮಾಡಿದವನು ಅಂದರೆ ಮಾಡದವನು ಅವರ ಅಳಿಯ. ಉಜ್ವಲಾ ಸ್ವತಃ ಹೋಗಿ ನೋಡಿದಳು, ಗಟಾರ ಕಾಣಲಿಲ್ಲ, ಬಿಲ್ಲಿಗೆ ಸಹಿ ಹಾಕಲಿಲ್ಲ. ಹೇಳಬೇಕಾದ್ದು ಹೇಳಬೇಕು: ಆ ಹುಡುಗಿ ಈ ವಿಷಯದಲ್ಲಿ ಬಗ್ಗಲಿಲ್ಲ. ಗದರಿಸಿದರು, ಗಂಡನಿಗೆ ಹೇಳಿಸಿದರು, ಬಗ್ಗಲಿಲ್ಲ. ಆಗ ಅವಿಶ್ವಾಸದ ನೋಟೀಸು ಹೊರಟಿತು. ಅದರಲ್ಲಿ ಬರೆದ ಕಾರಣ ಒಂದೇ ಸಾಲು: ಅಧ್ಯಕ್ಷರು ಸದಸ್ಯರನ್ನು ವಿಶ್ವಾಸಕ್ಕೆ ತೆಗೆದುಕೊಳ್ಳುತ್ತಿಲ್ಲ. ಮದುವೆ ಕಾರ್ಡಿನ ಮೇಲಿನ ಗಣಪತಿಯ ಹಾಗೆ ಈ ಸಾಲು ಎಲ್ಲ ಊರಿನ ಅವಿಶ್ವಾಸದ ಮೇಲೂ ಇರುತ್ತದೆ.

ಇಳಿಸಲು ಹತ್ತು ಕೈ ಬೇಕು. ಕಾಕಾಸಾಹೇಬರ ಹತ್ತಿರ ಒಂಬತ್ತು ಇದ್ದವು, ಅದರಲ್ಲಿ ನನ್ನದೂ ಒಂದು, ಯಾಕೆಂದರೆ ನಮ್ಮ ಮನೆಯವರು ಮಾತು ಕೊಟ್ಟಾಗಿತ್ತು. ಹತ್ತನೆಯದು ಶೇವಂತಾಳದು. ಅವರು ಅವಳ ಮನೆಗೆ ಹೋಗಿ, ಅಂಗಳದಲ್ಲಿ ಚಾಪೆಯ ಮೇಲೆ ಕೂತು, ಅವಳ ಕೈಯ ಚಹಾ ಕುಡಿದರು. ಊರಿಗೆ ಊರೇ ಅದನ್ನು ಮಾತಾಡಿತು. "ಉಜ್ವಲಾ ಇಳದ್ಲಂದ್ರ ಖುರ್ಚಿ ಯಾರಿಗಿ? ನಿಮಗ. ಬ್ಯಾರೆ ಯಾರಿಗೂ ಬರಾಂಗೇ ಇಲ್ಲ. ನಾವೆಲ್ಲಾ ನಿಮ್ಮ ಹಿಂದ ಅದೀವಿ" ಎಂದರು. ಜ್ಞಾನದೇವನ ಮುಖ ಅರಳಿತು. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಗಂಟೆ ಹೊಡೆದವನು, ಅಧ್ಯಕ್ಷೆಯ ಗಂಡನೆನಿಸಿಕೊಳ್ಳುವ ಆಸೆ ಅವನಿಗೇಕೆ ಇರಬಾರದು? "ಮನೀಗಿ ಬಂದ ಲಕ್ಷ್ಮೀನ ಒದೀಬ್ಯಾಡ" ಎಂದ. ಶೇವಂತಾ ಪೊರಕೆ ತೆಗೆದುಕೊಂಡು, ಕಾಕಾಸಾಹೇಬರು ಇನ್ನೂ ಕೂತಿರುವಾಗಲೇ ಅಂಗಳ ಗುಡಿಸತೊಡಗಿದಳು. ಕೇಳಿದ್ದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸುಮ್ಮನಿದ್ದರೆ ಒಪ್ಪಿದಂತೆ ಎಂದು ಅವರು ಎದ್ದು ಹೋದರು.

ಅವಿಶ್ವಾಸ ಎಂದರೆ ನಮ್ಮಲ್ಲಿ ಮೊದಲು ಟ್ರಿಪ್ಪು. ಸದಸ್ಯರನ್ನು ಗಾಡಿಯಲ್ಲಿ ತುಂಬಿ ದೂರ ಒಯ್ದು, ಸಭೆಯ ದಿನವೇ ತಂದು ಇಳಿಸುವುದು. ಊರಲ್ಲಿ ಬಿಟ್ಟರೆ ಎದುರಿನವರು ಎತ್ತಿಕೊಂಡು ಹೋಗುತ್ತಾರೆ. ನಮ್ಮನ್ನು ಕ್ರೂಸರಿನಲ್ಲಿ ಪನ್ಹಾಳಾಕ್ಕೆ ಒಯ್ದರು. ಕಾಕಾಸಾಹೇಬರದೊಂದು ಬಿಟ್ಟು ಎಲ್ಲರ ಮೊಬೈಲು ಒಂದು ಕೈಚೀಲಕ್ಕೆ ಹೋದವು. ಲಾಡ್ಜಿನಲ್ಲಿ ಸೂರ್ಯ ಮುಳುಗುವ ಮುಂಚೆ ನನಗೆ ಊಟ ಬೇಕು, ಉಳ್ಳಾಗಡ್ಡಿ ಬಟಾಟಿ ನಡೆಯುವುದಿಲ್ಲ ಎಂದು ಜೈನಳಾದ ನಾನು ರಂಪ ಮಾಡಿದೆ. ಒಬ್ಬ ಹುಡುಗ ಕೊಲ್ಹಾಪುರಕ್ಕೆ ಹೋಗಿ ಮೆಂತೆಸೊಪ್ಪು ತಂದ. ಸರಕಾರ ಉರುಳಿಸುವವರಿಗೆ ಇಷ್ಟಾದರೂ ಸವಲತ್ತು ಬೇಡವೇ? ಶೇವಂತಾ ಮಾತ್ರ ಉಂಡದ್ದನ್ನು ನಾನು ಕಾಣೆ. ಕೋಟೆಯ ಗೋಡೆಯ ಗುಂಟ ನಡೆಯುವುದು, ವಾಪಸು ಬರುವುದು, ಮತ್ತೆ ಹೊರಡುವುದು. ಅವಳ ಹಿಂದೆ ಕಾವಲಿಗೆ ಬಿಟ್ಟ ಹುಡುಗನ ಕಾಲು ಬಾತುಹೋದವು.

ಎರಡನೆಯ ದಿನ ಆಣೆಯ ಕಾರ್ಯಕ್ರಮ. ಕುರುಬರ ಮಲಕಾರಿ ನಮ್ಮ ಜೊತೆ ಸದಸ್ಯ. ಅವನು ಚಾದರದ ಗಂಟಿನಲ್ಲಿ ದೇವರ ಭಂಡಾರ ತಂದಿದ್ದ. ಭಂಡಾರವೆಂದರೆ ದೇವರ ಮೇಲಿನ ಅರಿಶಿನ ಪುಡಿ. ಅದನ್ನು ಮುಟ್ಟಿ ಮಾತು ಕೊಟ್ಟು ತಪ್ಪಿದರೆ ಮನೆತನ ಉಳಿಯುವುದಿಲ್ಲ ಎಂದು ನಂಬಿಕೆ. ಒಬ್ಬೊಬ್ಬರೇ ಮುಟ್ಟಿದರು. ನಾನು ಪಾರ್ಶ್ವನಾಥ ಸ್ವಾಮಿಯನ್ನು ನೆನೆದು ಮುಟ್ಟಿದೆ, ಎರಡೂ ದೇವರಿಗೆ ಕ್ಷಮೆ ಕೇಳಿಕೊಂಡೆ. ಗಂಟು ಶೇವಂತಾಳ ಮುಂದೆ ಬಂತು.

"ನಾ ಮುಟ್ಟಾಂಗಿಲ್ಲ" ಎಂದಳು. "ನಾವು ಬಾಬಾಸಾಹೇಬರ ಇಪ್ಪತ್ತೆರಡ ಪ್ರತಿಜ್ಞಾ ತಗೊಂಡ ಬೌದ್ಧ ಮಂದಿ. ದೇವರ ಆಣಿ ನಮಗ ಇಲ್ಲ."

ಮಲಕಾರಿ ಗಂಟು ಹಿಡಿದುಕೊಂಡು ಪಿಳಿಪಿಳಿ ನೋಡಿದ. ಅವನ ದೇವರಿಗೆ ಇಂಥ ಪ್ರಸಂಗ ಬಂದಿರಲಿಲ್ಲ. ಕಾಕಾಸಾಹೇಬರು ನಗುನಗುತ್ತಲೇ, "ಬರೋಬರ ಐತಿ. ಹಂಗಾರ ಬಾಬಾಸಾಹೇಬರ ಫೋಟೋ ಮ್ಯಾಲ ಆಣಿ ಮಾಡ್ರಿ. ಮೊಬೈಲನ್ಯಾಗ ತಗದ ಕೊಡ್ತೀನಿ" ಎಂದರು.

"ಬಾಬಾಸಾಹೇಬರ ಮ್ಯಾಲ ಕೈ ಇಟ್ಟು ಏನ ಹೇಳ್ಲಿ? ಉಜ್ವಲಾ ಏನ ತಪ್ಪ ಮಾಡ್ಯಾಳ, ಅದನ್ನ ಹೇಳ್ರಿ ಮೊದಲ."

"ನೋಟೀಸನ್ಯಾಗ ಐತೆಲ್ಲ. ವಿಶ್ವಾಸಕ್ಕ ತಗೋಳಂಗಿಲ್ಲ."

"ಗಟಾರಕ್ಕ ಸಹಿ ಮಾಡ್ಲಿಲ್ಲ ಅಂತ ಬರೀಬೇಕಿತ್ತು."

ಕಾಕಾಸಾಹೇಬರ ನಗು ಹೋಯಿತು. "ಕಾರಣ ಯಾಕ ಬೇಕ್ರಿ? ಮುಖ್ಯಮಂತ್ರಿನ್ನ ಇಳಸಾಕ ಕಾರಣ ಕೇಳ್ತಾರೇನು? ತಲಿ ಎಣಿಸ್ತಾರ, ಇಳಸ್ತಾರ."

ಬೌದ್ಧ ವಿಹಾರದಲ್ಲಿ ರವಿವಾರಕ್ಕೊಮ್ಮೆ ಬ್ಯಾಂಕಿನ ಸುಮೇಧ ಎಂಬುವನು ಸಂವಿಧಾನ ಓದಿ ಹೇಳುತ್ತಾನೆ. ಶೇವಂತಾ ಅಲ್ಲಿಯೂ ಎದ್ದು ಕೂತು ಮಾಡುತ್ತ ಅರ್ಧ ಕೇಳುತ್ತಾಳೆ, ಅರ್ಧ ಬಿಡುತ್ತಾಳೆ. "ರಾಷ್ಟ್ರಪತಿನ್ನೂ ಇಳಸಬೌದು, ದೊಡ್ಡ ಜಡ್ಜನ್ನೂ ಇಳಸಬೌದು" ಎಂದಳು. "ಖರೆ, ಹಿಂಗ ಅಲ್ಲ. ನೀ ಏನ ಮಾಡೀದಿ ಅಂತ ಮೊದಲ ಬರೀಬೇಕು. ಅವರ ಮುಂದ ಓದಬೇಕು. ಅವರ ಬಾಯಿಲೆ ಉತ್ತರಾ ಕೇಳಬೇಕು. ಎಷ್ಟ ಮಂದಿ ಸಹಿ ಮಾಡಬೇಕೋ, ಎಷ್ಟ ದಿನ ಕೊಡಬೇಕೋ ಸುಮೇಧ ಹೇಳಿದ್ದ, ನನಗ ನೆಪ್ಪಿಲ್ಲ. ಖರೆ ಕಾರಣ ಬೇಕು ಅಂದದ್ದು ನೆಪ್ಪೈತಿ."

"ಅಕಿ ಏನ ರಾಷ್ಟ್ರಪತಿ ಏನ್ರಿ?" ಎಂದು ಯಾರೋ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಶೇವಂತಾ ನಗಲಿಲ್ಲ. "ನಮ್ಮ ಓಣ್ಯಾಗ ಅದಕ್ಕಿಂತ ಸಣ್ಣ ಖುರ್ಚಿ ಅಲ್ಲ ಅದು" ಎಂದು ಎದ್ದು ಹೊರಗೆ ಹೋದಳು.

ನಾನು ಹಿಂದೆಯೇ ಹೋದೆ. ಗೋಡೆಯ ಹತ್ತಿರ ನಿಂತು ಸೆರಗಿನ ಅಂಚು ಎಳೆಯುತ್ತಿದ್ದಳು. ನನಗೆ ಸಿಟ್ಟು ಬಂದಿತ್ತು. "ನಿನಗ ಅಕಿ ಮ್ಯಾಲ ಸಿಟ್ಟ ಐತಿ. ಅಕಿ ಮಾರಿ ನೋಡಾಕೂ ಮನಸಿಲ್ಲ. ಇವರೂ ಇಳಸಾಕತ್ತಾರ. ಎತ್ತ ಕೈ. ಆ ಕೂಸಿನ ಲೆಕ್ಕಕ್ಕ ಎತ್ತೇನಿ ಅಂತ ಮನಸ್ಸಿನ್ಯಾಗ ತಿಳ್ಕೊ. ಯಾರು ಕೇಳ್ತಾರ?" ಎಂದೆ.

"ಅದನ್ನ ವೈನಿ ನಾನೂ ವಿಚಾರ ಮಾಡಾಕತ್ತೀನಿ" ಎಂದಳು. "ಮನಸ್ಸಿನ್ಯಾಗ ಒಂದ ಕಾರಣ, ಕಾಗದದಾಗ ಒಂದ ಕಾರಣ. ಎರಡೂ ಕೂಡೂದ ಇಲ್ಲ. ನಿದ್ದಿ ಬರವಲ್ದು." ಅವಳ ಕಣ್ಣ ಕೆಳಗೆ ಕಪ್ಪು ಹಿಡಿದಿತ್ತು. ನನಗೆ ಪಾಪ ಅನ್ನಿಸಿತು, ಆದರೆ ಅವಳ ತೊಳಲಾಟ ಅರ್ಥವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಪ್ರಕಾರ ಹಾವು ಯಾವ ಕೋಲಿನಿಂದ ಸತ್ತರೇನು, ಸತ್ತರೆ ಸರಿ.

ಸಭೆಯ ದಿನ ಕ್ರೂಸರು ನೇರ ಪಂಚಾಯತಿಯ ಬಾಗಿಲಿಗೇ ಬಂತು. ಪೊಲೀಸರು ನಿಂತಿದ್ದರು. ಅಧ್ಯಕ್ಷತೆಗೆ ಚಿಕ್ಕೋಡಿಯಿಂದ ಉಪವಿಭಾಗಾಧಿಕಾರಿ ಬಂದಿದ್ದರು, ದಕ್ಷಿಣದ ಕಡೆಯ ಎಳೆಯ ವಯಸ್ಸಿನವರು. ಉಜ್ವಲಾ ಎದುರಿಗೆ ಒಂದು ಸಾದಾ ಖುರ್ಚಿಯಲ್ಲಿ ಕೂತಿದ್ದಳು. ಹತ್ತನೆಯ ಕೈ ಯಾರದು ಎಂದು ಅವಳಿಗೂ ಗೊತ್ತಿತ್ತು. ಅವಳು ಶೇವಂತಾಳ ಕಡೆ ಒಮ್ಮೆಯೂ ನೋಡಲಿಲ್ಲ.

ಅಧಿಕಾರಿ ನೋಟೀಸು ಓದಿದರು. ಶೇವಂತಾ ಎದ್ದು ನಿಂತಳು. "ಸಾಹೇಬ್ರ, ಈಕಿ ಏನ ತಪ್ಪ ಮಾಡ್ಯಾಳ ಅಂತ ಇಲ್ಲೆ ಕೇಳಬೌದೇನ್ರಿ?"

"ಇದು ವಿಚಾರಣೆ ಅಲ್ಲಮ್ಮ, ಮತದಾನ" ಎಂದರು ಅವರು, ಮೃದುವಾಗಿಯೇ. "ವಿಶ್ವಾಸ ಇಲ್ಲ ಅನ್ನುವವರು ಕೈ ಎತ್ತಬೇಕು. ಅಷ್ಟೇ ಇಲ್ಲಿಯ ಕೆಲಸ. ತಪ್ಪಿನ ಬಗ್ಗೆ ದೂರು ಇದ್ದರೆ ಅದಕ್ಕೆ ಬೇರೆ ದಾರಿ ಇದೆ, ಆಫೀಸಿಗೆ ಬಂದು ಕೊಡಬಹುದು."

"ಬ್ಯಾರೆ ದಾರಿ ಐತಿ?" ಎಂದು ಮತ್ತೊಮ್ಮೆ ಕೇಳಿದಳು.

"ಇದೆ. ಕೂತ್ಕೊಳ್ಳಿ."

ಅವಳು ಕೂತಳು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು ಅವುಗಳ ಮೇಲೆ ಕೂತಳು. ಕೈಗಳು ಮೇಲೆದ್ದವು. ನನ್ನದೂ ಎದ್ದಿತು. ಅಧಿಕಾರಿ ಎಣಿಸಿದರು, ಒಂಬತ್ತು. ಕಾಕಾಸಾಹೇಬರು ತಿರುಗಿ ನೋಡಿದರು. ಅವರ ಕುತ್ತಿಗೆಯ ನರ ಉಬ್ಬಿತ್ತು. ಕಿಟಕಿಯ ಹೊರಗೆ ನಿಂತಿದ್ದ ಜ್ಞಾನದೇವ ಹೆಂಡತಿಗೆ ಸನ್ನೆ ಮಾಡಿ ಮಾಡಿ ಸೋತ. ಅಧಿಕಾರಿ ಇನ್ನೊಮ್ಮೆ ಎಣಿಸಿದರು. ಶೇವಂತಾ ಅಲುಗಾಡಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳು ಒಂದು ಕಡೆ ಕದಲದೆ ಕೂತದ್ದನ್ನು ನಾನು ನೋಡಿದ್ದು ಅದೇ. ಗೊತ್ತುವಳಿ ಬಿದ್ದುಹೋಯಿತು.

ಹೊರಗೆ ಪಟಾಕಿ ಹಾರಿದವು. ಗೆದ್ದರೆ ನಮ್ಮಲ್ಲಿ ಗುಲಾಲು ಎರಚಬೇಕು. ಉಜ್ವಲಾಳ ಮಂದಿ ಚೀಲಗಟ್ಟಲೆ ತಂದಿಟ್ಟಿದ್ದರು, ಸೋಲುವ ದಿನಕ್ಕೆ ಗುಲಾಲು ತಂದಿದ್ದ ಅವರ ಧೈರ್ಯ ಮೆಚ್ಚಬೇಕು. ಉಜ್ವಲಾ ಅಳುತ್ತ, ನಗುತ್ತ, ಎರಡೂ ಕೈ ತುಂಬ ಗುಲಾಲು ಹಿಡಿದುಕೊಂಡು ಶೇವಂತಾಳ ಕಡೆ ಓಡಿ ಬಂದಳು. "ಮಾವಶಿ, ನೀ ನನ್ನ ಉಳಿಸಿದಿ" ಎಂದು ಹಣೆಗೆ ಹಚ್ಚಲು ಕೈ ಎತ್ತಿದಳು. ಶೇವಂತಾ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು.

"ನಾ ನಿನ್ನ ಉಳಿಸಿಲ್ಲ" ಎಂದಳು. "ನೀ ಮಾಡದ ತಪ್ಪಿಗಿ ನಿನ್ನ ಇಳಿಸಿದ್ರ ನೀ ಮಾಡಿದ ತಪ್ಪ ಮುಚ್ಚಿ ಹೋಗತಿತ್ತು. ಅದಕ್ಕ ಕೈ ಎತ್ತಲಿಲ್ಲ."

"ನಾ ಏನ ಮಾಡೀನಿ?"

"ಭವನದ ಕೀಲಿ ಕೊಡಲಿಲ್ಲ."

ಉಜ್ವಲಾಳ ಮುಖದ ಬಣ್ಣ ಇಳಿಯಿತು. ಸುತ್ತಲಿನವರಿಗೆ ಅರ್ಥವಾಗಲಿಲ್ಲ, ಹಲಗೆ ಬಾರಿಸುವವರು ಬಾರಿಸುತ್ತಲೇ ಇದ್ದರು. "ಅವತ್ತ ನೀನೂ ಅಲ್ಲೆ ಇದ್ದಿ ಮಾವಶಿ" ಎಂದಳು ಉಜ್ವಲಾ, ಸಣ್ಣ ದನಿಯಲ್ಲಿ. "ಕೊಡು ಅಂದಿದ್ರ ಕೊಡತಿದ್ನಿ. ನೀ ಯಾಕ ಅನ್ಲಿಲ್ಲ?"

ಶೇವಂತಾ ಕೈ ಬಿಟ್ಟಳು. ಮಂದಿಯ ನಡುವೆ ದಾರಿ ಮಾಡಿಕೊಂಡು ಮನೆಯ ಕಡೆ ಹೊರಟಳು. ಅವಳ ಅಂಗೈಗೆ ಗುಲಾಲು ಮೆತ್ತಿತ್ತು.

ಊರಲ್ಲಿ ಈಗ ಅವಳಿಗೆ ಎರಡೂ ಕಡೆ ನೆಲೆ ಇಲ್ಲದಂತಾಯಿತು. ಕಾಕಾಸಾಹೇಬರ ಮಂದಿ ಮೋಸ ಮಾಡಿದಳು ಎಂದರು, ಉಜ್ವಲಾಳ ಮಂದಿ ಸೊಕ್ಕು ಎಂದರು. ಜ್ಞಾನದೇವ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಬೆಳಿಗ್ಗೆ ಅವಳು ನಮ್ಮ ಬಾಗಿಲಿಗೆ ಬಂದಳು. "ಚಿಕ್ಕೋಡಿಗಿ ಹೊಂಟೀನಿ ವೈನಿ. ಬಸ್ಸಿನ್ಯಾಗ ಒಬ್ಬಾಕೀಗಿ ಕೂಡ್ರಾಕ ಆಗೂದಿಲ್ಲ, ನೀ ಬರತೀಯೇನು? ಬ್ಯಾಡ ಅಂದ್ರ ಬ್ಯಾಡ." ಅಭಿನಂದನ ಒಳಗಿನಿಂದ ಕೆಮ್ಮಿದರು. ಅವರ ಕೆಮ್ಮಿನ ಅರ್ಥ ನನಗೆ ಚೆನ್ನಾಗಿ ಗೊತ್ತು. "ಡಬ್ಬಿ ಕಟ್ಟಿಕೊಂಡ ಬರ್ತೀನಿ, ನಿಂದ್ರು" ಎಂದೆ.

ಬಸ್ಸಿನಲ್ಲಿ ಕಿಟಕಿ ತೆಗೆಯುತ್ತ ಹಾಕುತ್ತ ಬಂದಳು. ರಾಯಬಾಗದ ರಸ್ತೆಯ ಕಬ್ಬಿನ ಗದ್ದೆಗಳು ಕಂಡಾಗ ಒಮ್ಮೆಲೆ ಮಾತು ತೆಗೆದಳು. "ನಮ್ಮ ಮಯೂರಿ ಎಲ್ಲಿ ಹುಟ್ಯಾಳ ಅಂತ ನಿನಗ ಹೇಳಿಲ್ಲ." ಹೇಳಿದಳು. ಇದೇ ಸೀಮೆ, ಇದೇ ಕಬ್ಬು, ಹೀಗೇ ಹೊತ್ತಲ್ಲದ ಹೊತ್ತಿನ ಮಳೆ. ಕೊಪ್ಪಿ ಕೊಚ್ಚಿ ಹೋಗಿತ್ತು. ಆ ಊರಿನ ಶಾಲೆಯ ಮಾಸ್ತರರು ಯಾರನ್ನೂ ಕೇಳದೆ ಒಂದು ಖೋಲಿಯ ಬೀಗ ತೆಗೆದರಂತೆ, ಬೆಂಚು ಕೂಡಿಸಿ ಅದರ ಮೇಲೆ ತಮ್ಮ ಧೋತರ ಹಾಸಿದರಂತೆ. ಅವರ ಹೆಸರನ್ನು ಕೇಳಲೂ ಇವಳಿಗೆ ಎಚ್ಚರವಿರಲಿಲ್ಲ. "ಒಣಾ ನೆಲಾ ಅಂದ್ರ ಏನು ಅಂತ ಅವತ್ತ ನನಗ ಗೊತ್ತಾತು" ಎಂದಳು. ಚಿಕ್ಕೋಡಿ ಬರುವತನಕ ನನಗೆ ಡಬ್ಬಿ ಬಿಚ್ಚಲು ಮನಸ್ಸಾಗಲಿಲ್ಲ.

ಆಫೀಸಿನಲ್ಲಿ ಒಬ್ಬ ಕನ್ನಡಕದ ಗುಮಾಸ್ತ ನಮ್ಮನ್ನು ಕೂರಿಸಿದ. ಕೇಳಿದ, ಬರೆದುಕೊಂಡ, ಮಧ್ಯದಲ್ಲಿ ಪೆನ್ನು ನಿಲ್ಲಿಸಿದ. "ಆ ಬಾಣಂತಿ ಎಲ್ಲಿ ಅದಾಳ್ರಿ?"

"ಗ್ಯಾಂಗ ಹೋತ್ರಿ. ಎಲ್ಲಿ ಅದಾಳೋ ಗೊತ್ತಿಲ್ಲ."

"ಅಕೀನ ಇಲ್ಲಂದ್ರ ದೂರು ಯಾರದು? ಅಕಿ ನಿಮ್ಮ ಮತದಾರಳೂ ಅಲ್ಲ." ಕೆಟ್ಟವನೇನಲ್ಲ, ಬೇಸತ್ತವನು. "ಬಾಯಾರ, ಇದು ನಿಂದ್ರೂದಿಲ್ಲ. ಅಧ್ಯಕ್ಷರನ್ನ ತಗೀಬೇಕಂದ್ರ ಅಧಿಕಾರ ದುರುಪಯೋಗ, ಕರ್ತವ್ಯಲೋಪ, ಹಿಂಗ ಏನರೆ ಸಿದ್ಧ ಆಗಬೇಕು. ನಾ ಬರ್ಕೋತೀನಿ, ಮ್ಯಾಲ ಕಳಸ್ತೀವಿ. ವಿಚಾರಣಾ ಆದ್ರ ಮೊದಲ ಕೇಳೂದು ಏನು? ಅವತ್ತ ಅಲ್ಲೆ ಯಾರ್ಯಾರ ಮೆಂಬರ ಇದ್ರು, ಅವರು ಯಾಕ ಸುಮ್ಮನಿದ್ರು ಅಂತ. ಯಾರಿದ್ರು?"

"ನಾ ಇದ್ನಿ."

ಗುಮಾಸ್ತ ಕನ್ನಡಕ ತೆಗೆದ. "ಹಂಗಾದ್ರ ನಿಮ್ಮ ಮೆಂಬರಕಿನೂ ಹೋಗಬೌದು. ಗೊತ್ತೈತೇನ್ರಿ? ಮನೀಗಿ ಹೋಗ್ರಿ, ಸುಮ್ಮನ ಯಾಕ."

ನಾನು ಅವಳ ಸೆರಗು ಹಿಡಿದು ಎಳೆದೆ. ಅವಳು ನನ್ನ ಕೈಯನ್ನು ಬಿಡಿಸಿ ಮೇಜಿನ ಹತ್ತಿರಕ್ಕೆ ಖುರ್ಚಿ ಸರಿಸಿಕೊಂಡಳು.

"ಉಜ್ವಲಾನ ಹೆಸರ ಆಮ್ಯಾಲ ಬರೀರಿ" ಎಂದಳು. "ಮೊದಲ ನಂದ ಬರ್ಕೊಳ್ರಿ. ಅಕಿ ಸಣ್ಣಾಕಿ, ಮಳ್ಯಾಗ ಹಡಿಯೂದಂದ್ರ ಏನಂತ ಅಕೀಗಿ ಗೊತ್ತಿರಲಿಲ್ಲ. ನನಗ ಗೊತ್ತಿತ್ತು."